‘ಮೆಟ್ಟಿ ನಿಂತರು’ ಎನ್ನುವ ಬದಲು ಅವರ ಲೆಕ್ಕ ತಿಳಿಸಿ

ಮಾನ್ಯ ಸಂಪಾದಕರೇ,

ನವೆಂಬರ್ 14 ನಮ್ಮಲ್ಲಿ ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ತಾರೀಖು, ಹಾಗಾಗಿ ಅದು ವಿಶ್ವ ಮಧುಮೇಹ ದಿನವೂ ಹೌದು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣುವ ಮಧುಮೇಹ ಹೆಚ್ಚಾಗಿ ಟೈಪ್ 1, ಅಂದರೆ ದೇಹ ತಾನೇ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿದ ಬಗೆಯದು. ಆ ದಿನದ ಆಸುಪಾಸಿನಲ್ಲಿ ‘ಮಧುಮೇಹವನ್ನು ಮೆಟ್ಟಿ ನಿಂತ ಕ್ರೀಡಾಪಟು’ ಎಂಬ ಬಗೆಯ ತಲೆಬರಹ ಪತ್ರಿಕೆಗಳಲ್ಲಿ ಕಾಣುತ್ತದೆ. ಆ ಮಾತಿನ ಮೇಲೆ ನನ್ನದೊಂದು ತಕರಾರಿದೆ. ಅದರ ಜಾಗದಲ್ಲಿ ಏನನ್ನು ಬರೆದರೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮಕ್ಕಳಿಗೆ ಉಪಯೋಗವಾದೀತು ಎಂಬುದನ್ನು ತಿಳಿಸಲು ಈ ಪತ್ರ.

ಟೈಪ್ 1 ಮಧುಮೇಹವನ್ನು ಮೆಟ್ಟಿ ನಿಂತವರು ಯಾರೂ ಇಲ್ಲ. ಒಲಿಂಪಿಕ್ ಪದಕ ಕೊರಳಿಗೆ ಬಿದ್ದ ರಾತ್ರಿಯೂ ಇನ್ಸುಲಿನ್ ಸೂಜಿ ತಪ್ಪುವುದಿಲ್ಲ. ವಾಸಿಂ ಅಕ್ರಂಗೆ 1997ರಲ್ಲಿ ಮಧುಮೇಹ ಇರುವುದು ಗೊತ್ತಾಯಿತು. ಅವರು 2003ರವರೆಗೂ ಪಾಕಿಸ್ತಾನಕ್ಕೆ ವೇಗದ ಬೌಲಿಂಗ್ ಮಾಡಿದರು. ಅದೇ 1997ರಲ್ಲಿ ಬ್ರಿಟನ್ನಿನ ದೋಣಿ ಹುಟ್ಟುಗಾರ ಸ್ಟೀವ್ ರೆಡ್‌ಗ್ರೇವ್‌ಗೂ ಮಧುಮೇಹ ಬಂತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2000ದ ಸಿಡ್ನಿಯಲ್ಲಿ ಅವರು ಸತತ ಐದನೇ ಒಲಿಂಪಿಕ್ಸ್‌ನ ಚಿನ್ನ ಗೆದ್ದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್ 1999ರಲ್ಲಿ ಟೈಪ್ 1 ಎಂದು ತಿಳಿದ ಮೇಲೆ, 2000 ಮತ್ತು 2004ರ ಎರಡೂ ಒಲಿಂಪಿಕ್ಸ್‌ಗಳ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಪಡೆದರು. 2013ರಿಂದ ರಸ್ತೆಗಿಳಿದ ಟೀಮ್ ನೋವೊ ನಾರ್ಡಿಸ್ಕ್ ಎಂಬ ವೃತ್ತಿಪರ ಸೈಕಲ್ ತಂಡದ ಪ್ರತಿಯೊಬ್ಬ ಸವಾರನಿಗೂ ಟೈಪ್ 1 ಇದೆ. ಒಂದೇ ದಿನದಲ್ಲಿ ಸುಮಾರು 300 ಕಿ.ಮೀ. ತುಳಿಯಬೇಕಾದ ಮಿಲಾನ್–ಸ್ಯಾನ್ ರೆಮೊ ಸ್ಪರ್ಧೆಯಲ್ಲೂ ಆ ತಂಡ ಭಾಗವಹಿಸಿದೆ.

ಮಕ್ಕಳಿಗೆ ಹೇಳಲು ಇವರೆಲ್ಲರಿಗಿಂತ ಒಳ್ಳೆಯ ಉದಾಹರಣೆ ಎಂದರೆ ಹಿಮದ ಮೇಲೆ ದೂರದ ಸ್ಕೀಯಿಂಗ್ ಮಾಡುತ್ತಿದ್ದ ಅಮೆರಿಕದ ಕ್ರಿಸ್ ಫ್ರೀಮನ್ ಎಂದು ನನಗನ್ನಿಸುತ್ತದೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ 30 ಕಿ.ಮೀ. ಸ್ಪರ್ಧೆಯ ನಡುವೆ ಅವರ ರಕ್ತದ ಸಕ್ಕರೆ ಇಳಿದು ಹಿಮದ ಮೇಲೆ ಬಿದ್ದುಬಿಟ್ಟರು. ಪಕ್ಕದಲ್ಲಿದ್ದವರು ಕೊಟ್ಟ ಸಿಹಿ ಪಾನೀಯ ಕುಡಿದು, ಎದ್ದು, ಗುರಿ ಮುಟ್ಟಿದರು. ಪದಕ ಬರಲಿಲ್ಲ. 2014ರಲ್ಲಿ ಮತ್ತೊಂದು ಒಲಿಂಪಿಕ್ಸ್‌ಗೆ ಹೋದರು, ಅದು ಅವರ ನಾಲ್ಕನೆಯದು. ಅವತ್ತು ಅವರನ್ನು ಎಬ್ಬಿಸಿದ್ದು ಸರಿಯಾದ ಹೊತ್ತಿಗೆ ಕೈಗೆ ಸಿಕ್ಕ ಸಕ್ಕರೆ. ‘ಮನೋಬಲವೊಂದಿದ್ದರೆ ಸಾಕು’ ಎಂದು ಬರೆದಾಗ ಈ ಸಕ್ಕರೆಯ ಸಂಗತಿ ಮುಚ್ಚಿಹೋಗುತ್ತದೆ. ಅದನ್ನು ಓದಿದ ಹುಡುಗನೊಬ್ಬ ಕಿಸೆಯಲ್ಲಿ ಏನೂ ಇಲ್ಲದೆ ಮಾಜಾಳಿಯ ತನಕ ಓಡಿಬರುತ್ತೇನೆಂದು ಹೊರಟರೆ ಅಪಾಯ ಅವನಿಗೇ.

ಓಡುವಾಗ ಸಕ್ಕರೆ ಏಕೆ ಇಳಿಯುತ್ತದೆ? ಆರೋಗ್ಯವಂತರ ದೇಹ ಓಟ ಶುರುವಾದ ಕೂಡಲೇ ಇನ್ಸುಲಿನ್ ಸುರಿಸುವುದನ್ನು ತಗ್ಗಿಸುತ್ತದೆ, ಯಕೃತ್ತು ತನ್ನ ದಾಸ್ತಾನಿನಿಂದ ಸಕ್ಕರೆ ಬಿಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್ನನ್ನು ಹಾಗೆ ತಗ್ಗಿಸಲು ಬರುವುದಿಲ್ಲ, ಒಳಗೆ ಹೋದದ್ದು ಹೋಯಿತು. ಅದು ಯಕೃತ್ತಿನ ಬಾಗಿಲನ್ನೂ ಮುಚ್ಚಿ ಹಿಡಿಯುತ್ತದೆ. ಇತ್ತ ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಎರಡೂ ಕೂಡಿದರೆ ಅರ್ಧ ಗಂಟೆಯಲ್ಲಿ 160 ಇದ್ದದ್ದು 80ಕ್ಕೆ ಬರಬಹುದು (ಇಲ್ಲಿನ ಸಕ್ಕರೆಯ ಅಂಕಿಗಳೆಲ್ಲ ಗ್ಲುಕೋಮೀಟರ್ ತೋರಿಸುವ ಮಿ.ಗ್ರಾಂ/ಡೆ.ಲೀ. ಲೆಕ್ಕದವು). ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಕೂಡಲೇ ಓಡಿದರೆ ಅದು ಇನ್ನೂ ಬೇಗ ರಕ್ತ ಸೇರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಆ ವೇಗ ಮತ್ತೂ ಹೆಚ್ಚುತ್ತದೆ. ಓಟದ ದಿನ ಹೊಟ್ಟೆಯ ಭಾಗಕ್ಕೆ ಚುಚ್ಚಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಮೊದಲ ಕೆಲಸ, ಬೂಟಿನ ಲೇಸು ಕಟ್ಟುವ ಮುಂಚೆ ಬೆರಳು ಚುಚ್ಚಿ ನೋಡುವುದು. ಒಂದು ಗಂಟೆಯ ಸಮಾಧಾನದ ಓಟಕ್ಕೆ 126ರಿಂದ 180 ಒಳ್ಳೆಯ ಅಂಕಿ. 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತಿಂದು, 90 ದಾಟಿದ್ದನ್ನು ನೋಡಿಕೊಂಡೇ ಹೊರಡಬೇಕು. 90ರಿಂದ 124 ಇದ್ದರೆ 10 ಗ್ರಾಂ ತಿಂದು ಹೊರಡಬಹುದು. 250 ದಾಟಿದ್ದರೆ ಕೀಟೋನ್, ಅಂದರೆ ಸಕ್ಕರೆಯ ಬದಲು ಕೊಬ್ಬು ಉರಿದಾಗ ರಕ್ತ ಸೇರುವ ಆಮ್ಲ, ಎಷ್ಟಿದೆ ನೋಡಬೇಕು. ರಕ್ತದ ಕೀಟೋನ್ 1.5 (ಮಿಲಿಮೋಲ್/ಲೀ.) ಮುಟ್ಟಿದ್ದರೆ, ಅಥವಾ ಮೂತ್ರದ ಪಟ್ಟಿ ಎರಡು ಪ್ಲಸ್ ತೋರಿಸಿದರೆ, ಅವತ್ತು ಓಟವಿಲ್ಲ. ದೇಹದಲ್ಲಿ ಇನ್ಸುಲಿನ್ ಸಾಲುತ್ತಿಲ್ಲ ಎಂಬುದರ ಗುರುತು ಅದು, ಓಡಿದಷ್ಟೂ ಕೀಟೋನ್ ಏರುತ್ತದೆ. ಹಿಂದಿನ 24 ಗಂಟೆಯಲ್ಲಿ ಬೇರೆಯವರು ಹಿಡಿದು ಎಬ್ಬಿಸಬೇಕಾದಷ್ಟು ಸಕ್ಕರೆ ಇಳಿದಿದ್ದರೂ ಓಡುವ ಹಾಗಿಲ್ಲ. ಒಮ್ಮೆ ಜೋರಾಗಿ ಇಳಿದ ಮೇಲೆ ನಡುಕ, ಎದೆಬಡಿತದಂಥ ಎಚ್ಚರಿಕೆಯ ಗಂಟೆ ಮುಂದಿನ ಸಲ ಮೆಲ್ಲಗೆ ಬಾರಿಸುತ್ತದೆ.

ಹೊಸದಾಗಿ ಓಟ ಶುರು ಮಾಡುವವರಿಗೆ ಬೆಳಗಿನ ಖಾಲಿ ಹೊಟ್ಟೆಯ ಹೊತ್ತು ಅನುಕೂಲ. ಊಟದ ಇನ್ಸುಲಿನ್ ಆಗ ದೇಹದಲ್ಲಿ ಇರುವುದಿಲ್ಲ, ಸಕ್ಕರೆ ಅಷ್ಟಾಗಿ ಇಳಿಯುವುದಿಲ್ಲ, ಕೆಲವರಿಗೆ ಸ್ವಲ್ಪ ಏರುವುದೂ ಉಂಟು. ತಿಂಡಿ ತಿಂದು ಎರಡು ಗಂಟೆಯೊಳಗೆ ಓಡುವುದಾದರೆ ಆ ತಿಂಡಿಯ ಇನ್ಸುಲಿನ್ನನ್ನು ಶೇ 25ರಿಂದ 75ರವರೆಗೆ ತಗ್ಗಿಸುವ ಪದ್ಧತಿಯಿದೆ. ಓಟ ಎಷ್ಟು ಹೊತ್ತು, ಎಷ್ಟು ಬಿರುಸು ಎಂಬುದರ ಮೇಲೆ ಆ ಪ್ರಮಾಣ. ಎಂಟು ಯೂನಿಟ್ ತೆಗೆದುಕೊಳ್ಳುವವರಿಗೆ ವೈದ್ಯರು ನಾಲ್ಕು ಸಾಕು ಎನ್ನಬಹುದು. ಇದನ್ನು ಪತ್ರಿಕೆ ಓದಿ ಮಾಡುವುದಲ್ಲ, ಅಳತೆಯ ಪುಸ್ತಕ ಹಿಡಿದು ವೈದ್ಯರ ಎದುರು ಕೂತೇ ತೀರ್ಮಾನಿಸಬೇಕು. ನಮ್ಮ ಕಡೆ ಅನೇಕರಿಗೆ ಬರೆದುಕೊಡುವುದು 30/70 ಮಿಶ್ರಣದ ಇನ್ಸುಲಿನ್. ಅದರಲ್ಲಿ ಊಟದ ಭಾಗವನ್ನೂ ನಿಧಾನಕ್ಕೆ ಕೆಲಸ ಮಾಡುವ ಭಾಗವನ್ನೂ ಬೇರ್ಪಡಿಸಿ ತಗ್ಗಿಸಲು ಬರುವುದಿಲ್ಲ. ಬೆಳಗ್ಗೆ ಏಳಕ್ಕೆ ಚುಚ್ಚಿದ ಮಿಶ್ರಣದ ಎರಡನೇ ಏರು ಮಧ್ಯಾಹ್ನ ಹನ್ನೊಂದರ ನಂತರ ಸಿಗುತ್ತದೆ, ಶಾಲೆಯಲ್ಲಿ ಆಟದ ಪಿರಿಯಡ್ ಅದೇ ಹೊತ್ತಿಗೆ ಬಿದ್ದಿರುತ್ತದೆ. ಮಗು ಕ್ರೀಡೆಯನ್ನು ಗಂಭೀರವಾಗಿ ತೆಗೆದುಕೊಂಡಿದೆ ಎಂದಾದರೆ, ದಿನವಿಡೀ ಕೆಲಸ ಮಾಡುವ ಒಂದು ಇನ್ಸುಲಿನ್ ಮತ್ತು ಪ್ರತಿ ಊಟಕ್ಕೆ ಬೇರೊಂದು ಎಂಬ ಕ್ರಮಕ್ಕೆ ಬದಲಾಗಬಹುದೇ ಎಂದು ತಂದೆತಾಯಿ ಬಾಯಿಬಿಟ್ಟು ಕೇಳಬೇಕು. ಸೂಜಿಯ ಸಂಖ್ಯೆ ಹೆಚ್ಚುತ್ತದೆ, ಆದರೆ ಓಡುವ ಸ್ವಾತಂತ್ರ್ಯವೂ ಹೆಚ್ಚುತ್ತದೆ.

ಇನ್ನು ಓಟದ ನಡುವೆ ತಿನ್ನುವ ಮಾತು. ಒಂದು ಗಂಟೆ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೊಹೈಡ್ರೇಟ್) ಬೇಕಾಗುತ್ತದೆ. ಅದನ್ನು 20 ನಿಮಿಷಕ್ಕೊಮ್ಮೆ ಹಂಚಿಕೊಂಡು ತಿನ್ನಬೇಕು, ಒಮ್ಮೆಗೇ ಹೊಟ್ಟೆಗಿಳಿಸಿದರೆ ವಾಕರಿಕೆ ಬರುತ್ತದೆ. ಒಂದು ದೊಡ್ಡ ಚಮಚ ಗ್ಲೂಕೋಸ್ ಪುಡಿ ಅಥವಾ ಮೂರು ತುಂಬು ಟೀ ಚಮಚ ಸಕ್ಕರೆ ಎಂದರೆ ಹತ್ತಿರ ಹತ್ತಿರ 15 ಗ್ರಾಂ. ಒಂದು ದೊಡ್ಡ ಚಮಚ ಜೋನಿ ಬೆಲ್ಲದಲ್ಲೂ ಅಷ್ಟೇ ಇರುತ್ತದೆ. ಪೇಟೆಯ ಎನರ್ಜಿ ಜೆಲ್‌ಗೆ ದುಡ್ಡು ಸುರಿಯಲಾಗದವರು ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಬಾಟಲಿಯಲ್ಲಿ ಜೋನಿ ಬೆಲ್ಲಕ್ಕೆ ಚಿಟಿಕೆ ಉಪ್ಪು ಬೆರೆಸಿ ಒಯ್ಯಬಹುದು, ಕೆಲಸ ಚೆನ್ನಾಗಿಯೇ ಮಾಡುತ್ತದೆ. ಬಾಳೆಹಣ್ಣು ದಾರಿಯ ತಿನಿಸಾಗಿ ಸರಿ, ಆದರೆ ಸಕ್ಕರೆ ಇಳಿದಾಗ ಅದನ್ನು ನೆಚ್ಚಬಾರದು, ಕರಗಿ ರಕ್ತ ಸೇರುವುದು ನಿಧಾನ. ಚಾಕೊಲೇಟಿನಲ್ಲಿ ಕೊಬ್ಬಿರುವುದರಿಂದ ಇನ್ನೂ ನಿಧಾನ. ಎಳನೀರಿನ ಬಗ್ಗೆ ನಮ್ಮವರಿಗೆ ಬಹಳ ನಂಬಿಕೆ. ಒಂದು ಲೋಟ ಎಳನೀರಿನಲ್ಲಿ ಇರುವುದು 10 ಗ್ರಾಂ ಆಸುಪಾಸಿನ ಸಕ್ಕರೆ. ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಮಾತ್ರ ತೀರಾ ಕಡಿಮೆ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು ಇರುತ್ತದೆ, ಗ್ಲೂಕೋಸ್ 13.5 ಗ್ರಾಂ. ನೀರಿಗೂ ಉಪ್ಪಿಗೂ ಅದು ಉತ್ತಮ, ಆದರೆ ಇಳಿದ ಸಕ್ಕರೆಯನ್ನು ಏರಿಸಲು ಲೀಟರು ಪೂರ್ತಿ ಕುಡಿಯಬೇಕಾದೀತು.

ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ನಿಲ್ಲಬೇಕು. ‘ಇನ್ನೊಂದೇ ಕಿಲೋಮೀಟರ್’ ಎನ್ನುವ ಹಟ ಅಲ್ಲಿ ಸಲ್ಲದು. 15 ಗ್ರಾಂ ಗ್ಲೂಕೋಸ್, 15 ನಿಮಿಷ ಕೂತಿರುವುದು, ಮತ್ತೆ ಅಳತೆ. ಏರದಿದ್ದರೆ ಮತ್ತೆ 15 ಗ್ರಾಂ. 54ಕ್ಕಿಂತ ಕೆಳಗಿಳಿದರೆ ಅಂದಿನ ಓಟ ಮುಗಿಯಿತು. ಇಲ್ಲೊಂದು ಮೋಸವಿದೆ. ಬೆವರು, ಕಾಲು ನಡುಕ, ಎದೆಬಡಿತ, ಹಸಿವು ಇವೆಲ್ಲ ಸಕ್ಕರೆ ಇಳಿದಾಗಿನ ಲಕ್ಷಣ, ಇವೇ ಸೆಕೆಯಲ್ಲಿ ಹತ್ತು ಕಿ.ಮೀ. ಓಡಿದವನ ಲಕ್ಷಣವೂ ಹೌದು. ಓಡುವಾಗ ಮೈ ಹೇಳುವುದನ್ನು ನಂಬಲಾಗುವುದಿಲ್ಲ, ಅಳೆದೇ ನೋಡಬೇಕು. ಜೊತೆಗಾರರು ಗಮನಿಸಬೇಕಾದದ್ದು ಮಾತನ್ನು: ಪ್ರಶ್ನೆಗೆ ತಡವಾಗಿ ಉತ್ತರಿಸುವುದು, ಸುಮ್ಮನೆ ಸಿಡುಕುವುದು, ಸರಳ ರೇಖೆಯಲ್ಲಿ ಓಡಲಾಗದಿರುವುದು.

ಅಳತೆಯ ಸಾಮಾನುಗಳಿಗೂ ಕರಾವಳಿಯ ಹವೆ ಕಾಟ ಕೊಡುತ್ತದೆ. ಗ್ಲುಕೋಮೀಟರಿನ ಸ್ಟ್ರಿಪ್‌ಗೆ ತೇವ ತಾಗಿದರೆ ಕೆಟ್ಟಿತು. ನಾಲ್ಕು ಸ್ಟ್ರಿಪ್ ತೆಗೆದು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಳ್ಳುವುದು ಸಾಮಾನ್ಯ ತಪ್ಪು; ಡಬ್ಬಿ ಸಮೇತ, ಜಿಪ್ ಚೀಲದೊಳಗೆ ಇಡಬೇಕು. ಬೆಲ್ಲವೋ ಗ್ಲೂಕೋಸೋ ತಾಗಿದ ಬೆರಳಿನಿಂದ ನೋಡಿದರೆ 65 ಇದ್ದದ್ದು 200 ಎಂದು ಕಾಣಬಹುದು. ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಚುಚ್ಚಬೇಕು. ನೀರಿಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ನೋಡಬೇಕು. ತೋಳಿಗೆ ಅಂಟಿಸುವ ಸೆನ್ಸರ್ ಇರುವವರು ನೆನಪಿಡಬೇಕಾದ ಸಂಗತಿಯೂ ಒಂದಿದೆ. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ರಕ್ತದ ಹಿಂದೆ ಐದರಿಂದ ಹತ್ತು ನಿಮಿಷ ತಡವಾಗಿ ನಡೆಯುತ್ತದೆ. ಅದು 95 ಎಂದು ತೋರಿಸಿ ಬಾಣದ ಗುರುತು ಕೆಳಮುಖವಾಗಿದ್ದರೆ ರಕ್ತದಲ್ಲಿ ಆಗಲೇ 75 ಆಗಿರಬಹುದು. ಸೆನ್ಸರ್ ಅಂಟಿಸಬೇಕಾದದ್ದು ಸ್ನಾನಕ್ಕಿಂತ ಮುಂಚೆಯೋ ಓಟ ಮುಗಿದ ಕೂಡಲೋ ಅಲ್ಲ, ಚರ್ಮ ಪೂರ್ತಿ ಒಣಗಿದ ಮೇಲೆ. ಓಟದ ಹಿಂದಿನ ದಿನವೇ ಅಂಟಿಸಿ ಮೇಲೊಂದು ಟೇಪ್ ಹಾಕಿದರೆ ಬೆವರಿಗೆ ಏಳುವುದಿಲ್ಲ.

ಇನ್ಸುಲಿನ್ ಬಾಟಲಿ ತೆರೆದ ಮೇಲೆ 30 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ 28 ದಿನ ಬಾಳಿಕೆ. ಮಾರ್ಚಿನಿಂದ ಮೇ ತನಕ ನಮ್ಮಲ್ಲಿ 30 ಡಿಗ್ರಿ ದಾಟದ ದಿನ ಅಪರೂಪ. ಫ್ರಿಜ್ ಇಲ್ಲದವರಿಗೆ ಮಣ್ಣಿನ ಮಡಕೆಯಲ್ಲಿಡಿ ಎಂಬ ಸಲಹೆ ಎಲ್ಲೆಡೆ ಕೊಡುತ್ತಾರೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಮಡಕೆಯ ನೀರು ಬೇಗ ಆರಿ ಒಳಗೆ ಚೆನ್ನಾಗಿ ತಣ್ಣಗಾಗುತ್ತದೆ. ಕಾರವಾರದ ತೇವದ ಗಾಳಿಯಲ್ಲಿ ನೀರು ಆರುವುದೇ ನಿಧಾನ, ಹಾಗಾಗಿ ಇಲ್ಲಿ ಮಡಕೆ ತಂಪು ಮಾಡುವುದು ಕೆಲವೇ ಡಿಗ್ರಿ. ಗಾಳಿಯಾಡುವ ನೆರಳಿನಲ್ಲಿ, ಸುತ್ತಲೂ ಒದ್ದೆ ಬಟ್ಟೆ ಕಟ್ಟಿ ಇಟ್ಟರೆ ಮಾತ್ರ ಪ್ರಯೋಜನ. ನೀರಿನಲ್ಲಿ ನೆನೆಸಿ ಬಳಸುವ ತಂಪು ಚೀಲಗಳಿಗೂ ಇದೇ ಮಾತು. ಸೈಕಲ್ ಸವಾರರು ಇನ್ಸುಲಿನ್ ಪೆನ್ನನ್ನು ಜೆರ್ಸಿಯ ಬೆನ್ನಿನ ಕಿಸೆಯಲ್ಲಿಡಬಾರದು, ಮೈಯ ಬಿಸಿಗೂ ಬಿಸಿಲಿಗೂ ಸಿಕ್ಕಿ ಹಾಳಾಗುತ್ತದೆ. ಕಾರಣವೇ ತಿಳಿಯದೆ ಎರಡು ದಿನ ಸಕ್ಕರೆ ಏರುತ್ತಲೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಬಿಸಿಲು ತಿಂದ ಬಾಟಲಿಯನ್ನು. ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದ್ದೂ ಕೆಲಸಕ್ಕೆ ಬಾರದು.

ಸೈಕಲ್ಲಿನವರಿಗೆ ನಮ್ಮ ಜಿಲ್ಲೆಯ ನಿಜವಾದ ಪರೀಕ್ಷೆ ದೇವಿಮನೆ ಘಟ್ಟ. ಕುಮಟಾದಿಂದ ಕತಗಾಲ ದಾಟಿ ಏರು ಶುರುವಾದ ಮೇಲೆ ಶಿರಸಿಯ ತನಕ ಲೆಕ್ಕ ಎರಡು ಸಲ ಬದಲಾಗುತ್ತದೆ. ಏರಿನಲ್ಲಿ ಉಸಿರು ಕಟ್ಟುವಷ್ಟು ತುಳಿದರೆ ಅಡ್ರಿನಲಿನ್ ಸುರಿದು ಸಕ್ಕರೆ ಏರುತ್ತದೆ, ಘಟ್ಟದ ತಲೆಯಲ್ಲಿ ನೋಡಿದರೆ 240 ಇರಬಹುದು. ಅಲ್ಲಿ ಗಾಬರಿಯಾಗಿ ಪೂರ್ತಿ ಇನ್ಸುಲಿನ್ ಚುಚ್ಚಿಕೊಂಡರೆ ಒಂದು ಗಂಟೆಯ ನಂತರ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಕಾಯಬೇಕು, ತಿದ್ದಲೇಬೇಕಾದರೆ ಎಂದಿನ ಅರ್ಧ ಪ್ರಮಾಣ. ಇಳಿಯುವಾಗಿನ ಅಪಾಯ ಬೇರೆ. ಕಾಲಿಗೆ ಕೆಲಸವಿಲ್ಲದಿದ್ದರೂ ಸ್ನಾಯು ಸಕ್ಕರೆ ಎಳೆಯುತ್ತಲೇ ಇರುತ್ತದೆ, ತಿರುವಿನಲ್ಲಿ ಬ್ರೇಕ್ ಹಿಡಿಯುವ ನಿರ್ಧಾರ ಒಂದು ಕ್ಷಣ ತಡವಾದರೂ ಮುಗಿಯಿತು. ಇಳಿಯುವ ಮುನ್ನ 100ಕ್ಕಿಂತ ಮೇಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ತಿಂದು ಕಾಯ್ದು ಇಳಿಯಿರಿ. ಘಟ್ಟದಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮನೆಯವರು ಫೋನಿನಲ್ಲಿ ಸೆನ್ಸರ್ ನೋಡುತ್ತಿದ್ದಾರೆ ಎಂಬ ಧೈರ್ಯ ಅಲ್ಲಿ ನಡೆಯದು. ಒಬ್ಬರೇ ಹೋಗಬೇಡಿ.

ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ ‘ಬ್ರೆವೆ’ಯಲ್ಲಿ 200 ಕಿ.ಮೀ.ಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಗಂಟೆಗೆ 40 ಗ್ರಾಂ ಎಂದು ಹಿಡಿದರೂ ಅರ್ಧ ಕಿಲೋ ಮೀರಿದ ಶರ್ಕರಪಿಷ್ಟ. ಬರೀ ಸಿಹಿಯಲ್ಲಿ ಅಷ್ಟನ್ನು ತಿಂದವರಿಲ್ಲ. ಮೊಸರವಲಕ್ಕಿ, ಇಡ್ಲಿ, ಬಾಳೆಹಣ್ಣು, ಉಪ್ಪು ಬೆರೆಸಿದ ಕೋಕಂ ಶರಬತ್ತು ಇವೆಲ್ಲ ಬೇಕು, ಗ್ಲೂಕೋಸನ್ನು ಆಪತ್ತಿಗೆಂದು ಬೇರೆ ಕಿಸೆಯಲ್ಲಿಡಬೇಕು.

ಓಟ ಮುಗಿದರೂ ಲೆಕ್ಕ ಮುಗಿಯುವುದಿಲ್ಲ. ಖಾಲಿಯಾದ ಸ್ನಾಯು ಮತ್ತು ಯಕೃತ್ತು ತಮ್ಮ ದಾಸ್ತಾನನ್ನು ಮರಳಿ ತುಂಬಿಕೊಳ್ಳುವುದು ಮುಂದಿನ ಹಲವು ಗಂಟೆಗಳಲ್ಲಿ. ಸಂಜೆ ಐದಕ್ಕೆ ಕಡಲತೀರದಲ್ಲಿ ಓಡಿದ ಹುಡುಗಿಯ ಸಕ್ಕರೆ ರಾತ್ರಿ ಎರಡಕ್ಕೆ, ನಿದ್ದೆಯಲ್ಲಿ ಇಳಿಯಬಹುದು. ಅನಾಹುತಗಳು ಹಾಗೂ ಆಗುತ್ತವೆ. ಅವತ್ತಿನ ರಾತ್ರಿಯ ಇನ್ಸುಲಿನ್ನನ್ನು ಶೇ 20ರಷ್ಟು ತಗ್ಗಿಸಲು ವೈದ್ಯರು ಹೇಳಬಹುದು. ಮಲಗುವ ಮುನ್ನ ಹಾಲು, ಒಂದು ತೆಳ್ಳೇವು (ತೆಳು ದೋಸೆ) ತಿನ್ನಬಹುದು. ಮೊದಲ ಕೆಲವು ವಾರ ತಾಯಿಯೋ ತಂದೆಯೋ ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಒಮ್ಮೆ ನೋಡುವುದು ಒಳ್ಳೆಯದು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಸುಳ್ಳೇ ಕಡಿಮೆ ತೋರಿಸುತ್ತದೆ, ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ.

ಟೈಪ್ 2 ಇರುವ ಹಿರಿಯರು ಇದು ತಮಗಲ್ಲ ಎಂದು ಪುಟ ತಿರುಗಿಸಬಾರದು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ತೀರಾ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ನುಂಗುವವರಿಗೆ ಆ ಭಯ ಇದ್ದೇ ಇದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆಯಾದರೆ ಸಕ್ಕರೆ, ಬೆಲ್ಲ ತಿಂದರೂ ಬೇಗ ಏರುವುದಿಲ್ಲ, ಏಕೆಂದರೆ ಆ ಮಾತ್ರೆ ಸಕ್ಕರೆಯನ್ನು ಒಡೆಯುವ ಕೆಲಸವನ್ನೇ ತಡೆಯುತ್ತದೆ. ಅಂಥವರ ಕಿಸೆಯಲ್ಲಿ ಶುದ್ಧ ಗ್ಲೂಕೋಸ್ ಪುಡಿಯೇ ಇರಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ದೂರದ ಓಟಕ್ಕೆ ಮುಂಚೆ ವೈದ್ಯರನ್ನು ಕಾಣಲೇಬೇಕು. ನೀರು ಬತ್ತುವುದೂ, ಸಕ್ಕರೆ ಸರಿಯಿದ್ದಾಗಲೇ ಕೀಟೋನ್ ಏರುವುದೂ ಉಂಟು. ಬಿ.ಪಿ.ಗೆ ಬೀಟಾ ಬ್ಲಾಕರ್ ನುಂಗುವವರಿಗೆ ಎದೆಬಡಿತದ ಎಚ್ಚರಿಕೆ ಸಿಗುವುದಿಲ್ಲ. ಮತ್ತೆ, ಪಾದದ ಸ್ಪರ್ಶ ಮಂಕಾದವರು ಮರಳಿನ ಮೇಲೆ ಬರಿಗಾಲಲ್ಲಿ ಓಡಬಾರದು. ಚಿಪ್ಪು, ಮೀನಿನ ಮುಳ್ಳು ಹೊಕ್ಕಿದ್ದು ಗೊತ್ತೇ ಆಗದೆ ವಾರದ ನಂತರ ಕೀವು ಕಾಣುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಹೊಸ ರಕ್ತನಾಳ ಬೆಳೆದಿದೆ ಎಂದು ಹೇಳಿಸಿಕೊಂಡವರು ಕಣ್ಣಿನ ವೈದ್ಯರ ಒಪ್ಪಿಗೆ ಇಲ್ಲದೆ ಬಿರುಸಿನ ಓಟಕ್ಕೂ ಭಾರ ಎತ್ತುವುದಕ್ಕೂ ಹೋಗಬಾರದು.

ದೈಹಿಕ ಶಿಕ್ಷಕರಲ್ಲಿ ಒಂದು ಬೇಡಿಕೆ. ‘ನಿನಗೆ ಶುಗರ್ ಇದೆಯಲ್ಲ, ನೀನು ಕೂತುಕೋ’ ಎನ್ನುವುದು ಅಕ್ಕರೆಯಿಂದಲೇ ಇರಬಹುದು, ಆದರೆ ಕೂತ ಮಗುವಿನ ಇನ್ಸುಲಿನ್ ಅಗತ್ಯ ಹೆಚ್ಚುತ್ತದೆ, ಓಡುವ ಮಗುವಿನದು ತಗ್ಗುತ್ತದೆ. ಓಡಬೇಕೇ ಎಂಬುದನ್ನು ಮಗುವಿನ ಅಂಕಿ ನೋಡಿ ತೀರ್ಮಾನಿಸಿ, ಕಾಯಿಲೆಯ ಹೆಸರು ನೋಡಿ ಅಲ್ಲ. ಆಟದ ನಡುವೆ ಗ್ಲೂಕೋಸ್ ತಿನ್ನಲು, ಬೆರಳು ಚುಚ್ಚಲು ಅನುಮತಿ ಕೇಳಬೇಕಾದ ಸ್ಥಿತಿ ಇರಬಾರದು.

ಓಟ, ಸೈಕಲ್ ಸವಾರಿ ಏರ್ಪಡಿಸುವವರಲ್ಲಿ ಇನ್ನೊಂದು. ತೀವ್ರ ತೊಂದರೆಯಾದರೆ ನಮ್ಮ ಜಿಲ್ಲೆಯವರು ಗೋವಾಕ್ಕೋ, ಮಣಿಪಾಲಕ್ಕೋ, ಹುಬ್ಬಳ್ಳಿಗೋ ಹೋಗಬೇಕಾದ ಸಂದರ್ಭ ಈಗಲೂ ಇದೆ. ಮೊದಲ ಹತ್ತು ನಿಮಿಷದ ಆರೈಕೆ ರಸ್ತೆಬದಿಯಲ್ಲೇ ಆಗಬೇಕು, ಅದಕ್ಕೆ ಖರ್ಚೂ ಹೆಚ್ಚಿಲ್ಲ. ಹೆಸರು ನೋಂದಾಯಿಸುವ ಅರ್ಜಿಯಲ್ಲಿ ‘ಇನ್ಸುಲಿನ್ ತೆಗೆದುಕೊಳ್ಳುತ್ತೀರಾ’ ಎಂಬ ಒಂದು ಸಾಲು ಸೇರಿಸಿ. ಹೌದು ಎಂದವರನ್ನು ಹೊರಗಿಡಲು ಅಲ್ಲ, ಅವರ ಬಿಬ್ (ಎದೆಯ ಮೇಲಿನ ನಂಬರ್ ಚೀಟಿ) ಹಿಂಬದಿಯಲ್ಲಿ ಮನೆಯವರ ಫೋನ್ ನಂಬರ್ ಬರೆಸಲು. ನೀರು ಕೊಡುವ ಪ್ರತಿ ಮೇಜಿನ ಮೇಲೆ ಅರ್ಧ ಕಿಲೋ ಗ್ಲೂಕೋಸ್ ಪುಡಿ, ಒಂದು ದೊಡ್ಡ ಚಮಚ, ಓಆರ್‌ಎಸ್ ಪೊಟ್ಟಣಗಳು, ಡಬ್ಬಿ ಮುಚ್ಚಿದ ಸ್ಟ್ರಿಪ್ ಸಮೇತ ಒಂದು ಗ್ಲುಕೋಮೀಟರ್, ಬೆರಳು ಚುಚ್ಚಲು ಒಮ್ಮೆ ಬಳಸಿ ಎಸೆಯುವ ಸೂಜಿ (ಲ್ಯಾನ್ಸೆಟ್), ಚುಚ್ಚಿದ್ದನ್ನು ಹಾಕಲು ಮುಚ್ಚಳವಿರುವ ಗಟ್ಟಿ ಡಬ್ಬಿ ಇರಲಿ. ಅಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಹಿಂದಿನ ದಿನ ಹದಿನೈದು ನಿಮಿಷ ಕೂರಿಸಿ ಹೇಳಿ: ಎಚ್ಚರವಿದ್ದು ನುಂಗಬಲ್ಲವರಿಗೆ ಒಂದು ಚಮಚ ಗ್ಲೂಕೋಸ್ ನೀರಿನಲ್ಲಿ ಕಲಸಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರಾಗಲಿ, ಗ್ಲೂಕೋಸಾಗಲಿ, ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ 108ಕ್ಕೆ ಕರೆ ಮಾಡಬೇಕು. ಅವರ ಚೀಲದಲ್ಲಿ ಇನ್ಸುಲಿನ್ ಸಿಕ್ಕಿತೆಂದು ಅದನ್ನು ಚುಚ್ಚಲು ಯಾರೂ ಮುಂದಾಗಬಾರದು. ಕೊನೆಯ ಓಟಗಾರ ಗುರಿ ಮುಟ್ಟುವ ತನಕ ಆ ಮೇಜನ್ನು ಎತ್ತಬೇಡಿ. ನಡುನಡುವೆ ನಿಂತು ಅಳೆದು, ತಿಂದು ಬರುವವರು ಸಾಮಾನ್ಯವಾಗಿ ಕೊನೆಯಲ್ಲೇ ಇರುತ್ತಾರೆ.

ಇತಿ,
ದೂರ ಓಟದ ತರಬೇತುದಾರರೊಬ್ಬರು,
ಕೋಡಿಬಾಗ, ಕಾರವಾರ